ಬೋಲ್ಟಿನ ಕೆಳಗಿನ ಬಣ್ಣ

ಮನೆ,
ಭಾನುವಾರ, ಬೆಳಗಿನ ಕಾಫಿ ಆದ ಮೇಲೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಾ ಮಗಳೇ? ಕೆಮ್ಮು ನಿಜವಾಗಿಯೂ ಹೋಯಿತೋ, ಇಲ್ಲ ನಮ್ಮ ಸಮಾಧಾನಕ್ಕೆ ಹೋಯಿತು ಎಂದು ಬರೆದಿದ್ದೀಯೋ? ಆ ಬೆಟ್ಟದ ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು. ಟೋಪಿ ಹಾಕಿದರೆ ಕೂದಲು ಕೆಡುತ್ತದೆ ಎಂಬ ನಿನ್ನ ಹಳೇ ವಾದ ಸೈನ್ಯದಲ್ಲಿ ನಡೆಯಲಿಕ್ಕಿಲ್ಲ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಆಗಾಗ ಮುನಿಸಿಕೊಳ್ಳುತ್ತದೆ, ಅಮ್ಮ ಪ್ರತಿದಿನ ಮುನಿಸಿಕೊಳ್ಳುತ್ತಾಳೆ, ಎರಡಕ್ಕೂ ಒಗ್ಗಿಹೋಗಿದ್ದೇನೆ. ನಿನಗೆ ಕೊಟ್ಟ ಹೊಸ ಲಾರಿಗೆ ‘ಒಂದು ಬೋಲ್ಟನ್ನೂ ಬಿಡದೆ ಬಣ್ಣ ಹೊಡೆದಿದ್ದೀನಿ, ನೋಡಿದ್ರೆ ಗುರುತೇ ಸಿಗಲ್ಲ’ ಎಂದು ಬರೆದಿದ್ದೆಯಲ್ಲ, ಅದನ್ನು ಅಮ್ಮ ಅಕ್ಕಪಕ್ಕದವರಿಗೆಲ್ಲ ಓದಿ ಹೇಳಿದಳು. ಹೊಸದು ಎಂದರೆ ನಿನಗೆ ಹೊಸದು, ಅಷ್ಟೇ. ಅದೂ ನಮ್ಮ ಅಜ್ಜಿಯ ವಾರಗೆಯದೇ.

ಅಜ್ಜಿಯ ಸುದ್ದಿಗೇ ಬರುತ್ತೇನೆ, ನೀನು ಕಾಯುತ್ತಿರುವುದು ಅದಕ್ಕೇ ಎಂದು ಗೊತ್ತು. ‘ಅಜ್ಜೀನ ಗುಜರಿಗೆ ಕೊಡೋಕೆ ಬಿಡಬೇಡಿ ಅಪ್ಪಾ’ ಎಂದು ಅಡಿಗೆರೆ ಎಳೆದು ಬರೆದಿದ್ದೆ. ನೀನು ಸ್ಟೀರಿಂಗ್ ಹಿಡಿಯಲು ಕಲಿತ ಲಾರಿ ಅದು, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕ್ಲಚ್ಚಿಗೆ ಕಾಲು ಎಟುಕಿಸುತ್ತಿದ್ದೆ. ಅದರ ಎ.ಬಿ.ಎಸ್. ಲ್ಯಾಂಪ್ ಆರುತ್ತಿರಲಿಲ್ಲ. ತಪಾಸಣೆಯವರು ಶುಕ್ರವಾರ ಬರುವವರಿದ್ದರು. ಲ್ಯಾಂಪ್ ಉರಿಯುತ್ತಲೇ ಇದ್ದರೆ ಅಜ್ಜಿ ಗುಜರಿಗೆ ಹೋಗುತ್ತದೆಂದು ನಮ್ಮ ಸೈನ್ಯದ ವರ್ಕ್‌ಶಾಪಿನ ಸಾಹೇಬರು ಮೊದಲೇ ಹೇಳಿಬಿಟ್ಟಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ಬ್ರೇಕಿನ ವಿಷಯದಲ್ಲಿ ದಾಕ್ಷಿಣ್ಯ ನಡೆಯುವುದಿಲ್ಲ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿರುವುದೇ. ಆದರೆ ಕವರಿಗೆ ಅಂಟು ಹಚ್ಚುವ ಮೊದಲು ಅಮ್ಮ ನನ್ನ ಕಾಗದ ಓದದೆ ಬಿಡುವವಳಲ್ಲ, ಅವಳಿಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ನಿಂತುಬಿಟ್ಟರೆ ಲಾರಿ ಸ್ಟೀರಿಂಗಿನ ಮಾತು ಕೇಳುವುದಿಲ್ಲ, ಜಾರಿಕೊಂಡು ಅಡ್ಡ ಹೋಗುತ್ತದೆ. ಹಾಗಾಗದಂತೆ ಎ.ಬಿ.ಎಸ್. ಎಂಬ ಒಂದು ಡಬ್ಬಿ ಪ್ರತಿ ಚಕ್ರದ ವೇಗ ನೋಡುತ್ತ, ವಾಲ್ವುಗಳಿಂದ ಬ್ರೇಕಿನ ಗಾಳಿ ಬಿಟ್ಟು ಹಿಡಿದು ಮಾಡುತ್ತದೆ. ಕೀಲಿ ತಿರುಗಿಸಿದ ಕೂಡಲೇ ಲ್ಯಾಂಪ್ ಹತ್ತಬೇಕು, ವಾಲ್ವುಗಳು ಒಂದೊಂದಾಗಿ ಟಕ್ ಟಕ್ ಎನ್ನಬೇಕು, ಲಾರಿ ಸ್ವಲ್ಪ ಓಡಿದ ಮೇಲೆ ಲ್ಯಾಂಪ್ ಆರಬೇಕು. ಆರದಿದ್ದರೆ ಡಬ್ಬಿ ಕೈ ಚೆಲ್ಲಿದೆ ಎಂದು ಅರ್ಥ.

ಲ್ಯಾಂಪ್ ಮಿಣುಕುವ ಲೆಕ್ಕ ನೋಡಿದರೆ ದೋಷ ಬಲಗಡೆ ಮುಂದಿನ ಚಕ್ರದ್ದು ಎಂದಿತು. ಸೆನ್ಸರ್ ಬದಲಾಯಿಸಿದೆ. ಮಾರನೇ ದಿನ ಎಡಗಡೆ ಹಿಂದಿನದು ಎಂದಿತು. ಅಲ್ಲಿಯ ವಾಲ್ವ್ ಬದಲಾಯಿಸಿದೆ. ಮತ್ತೆ ಬಲಗಡೆಗೇ ಬಂತು. ಇವತ್ತು ಸೊಂಟ, ನಾಳೆ ಕುತ್ತಿಗೆ ಎನ್ನುವ ವಯಸ್ಸಾದವರ ಹಾಗೆ! ಕೊನೆಗೆ ಇನ್ನೊಂದು ಲಾರಿಯ ಡಬ್ಬಿಯನ್ನೇ ತಂದು ಹಾಕಿದೆ, ಅದೂ ಅದೇ ರಾಗ ಹಾಡಿತು. ಮೀಟರ್ ಇಟ್ಟು ನೋಡಿದರೆ ಡಬ್ಬಿಗೆ ಇಪ್ಪತ್ತನಾಲ್ಕು ವೋಲ್ಟ್ ಸರಿಯಾಗಿಯೇ ಬರುತ್ತಿದೆ. ತಲೆ ಕೆಟ್ಟುಹೋಯಿತು. ಜೊತೆಯವರು ‘ಹೋಗ್ಲಿ ಬಿಡ್ರೀ, ವಯಸ್ಸಾಯ್ತು ಅದಕ್ಕೆ’ ಎಂದರು. ಲಾರಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ.

ಬುಧವಾರ ಸಂಜೆ ಮುಖ ಊದಿಸಿಕೊಂಡು ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಸೈಕಲ್ ಹಿಡಿದು ನಿಂತಿದ್ದಳು. ಹೊರಡುವ ಮುಂಚೆ ನೀನು ಪೂರ್ತಿ ಬಿಚ್ಚಿ ಆಕಾಶ ನೀಲಿ ಬಳಿದು ಜೋಡಿಸಿಕೊಟ್ಟೆಯಲ್ಲ, ಅದೇ. ‘ನಿಮ್ ಮಗಳು ಇದಕ್ಕೆ ಸಿಂಗಾರ ಮಾಡಿ ಕಣ್ಣು ಕಿತ್ತಿದ್ದಾಳೆ. ಲೈಟೇ ಹತ್ತಲ್ಲ. ಅಷ್ಟು ದೊಡ್ಡ ಲಾರಿ ರಿಪೇರಿ ಮಾಡ್ತೀರಿ, ಇದೊಂದು ಆಗಲ್ವಾ?’ ಎಂದಳು. ಲಾರಿಯದೂ ಆಗಿಲ್ಲ ಎಂದು ಹೇಳುವ ಧೈರ್ಯ ಬರಲಿಲ್ಲ. ಕೂತು ನೋಡಿದೆ. ಡೈನಮೋದಿಂದ ದೀಪಕ್ಕೆ ಹೋಗುವುದು ಒಂದೇ ವೈರ್, ಕರೆಂಟು ವಾಪಸ್ ಬರುವುದು ಸೈಕಲ್ಲಿನ ಕಬ್ಬಿಣದ ಮೂಲಕ. ನೀನು ಡೈನಮೋ ಬಿಗಿದ ಪಟ್ಟಿಯ ಕೆಳಗೂ ದಪ್ಪಗೆ ಬಣ್ಣ ಬಳಿದಿದ್ದೆ, ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಲೇ ಇರಲಿಲ್ಲ. ಚಾಕುವಿನಿಂದ ಕೆರೆದು ಪೆಡಲ್ ತಿರುಗಿಸಿದೆ, ದೀಪ ಹತ್ತಿತು. ತಿರುಗಿಸುವುದನ್ನೂ ಮರೆತು ಹಾಗೇ ಕೂತುಬಿಟ್ಟೆ. ಅಮ್ಮ ‘ಏನಾಯ್ತ್ರೀ, ಮಂಡಿ ಹಿಡ್ಕೊಂಡ್ತಾ?’ ಎಂದಳು.

ಗುರುವಾರ ಬೆಳಿಗ್ಗೆ ಅಜ್ಜಿಯ ಕೆಳಗೆ ನುಗ್ಗಿದೆ. ಈ ಸಲ ಮೀಟರ್ ಬಿಟ್ಟು, ಡಬ್ಬಿಗೆ ಬರುವ ವೈರುಗಳಿಗೆ ಹೆಡ್‌ಲೈಟಿನ ಬಲ್ಬ್ ಜೋಡಿಸಿದೆ. ಮಂಕಾಗಿ ಕೆಂಪಗೆ ಉರಿಯಿತು. ಮೀಟರ್ ಕೇಳುವುದು ಒಂದು ಹನಿ ಕರೆಂಟು. ಚಮಚ ಹಿಡಿದರೆ ಯಾವ ನಲ್ಲಿಯೂ ಚೆನ್ನಾಗಿಯೇ ಕಾಣುತ್ತದೆ, ಕೊಡ ಹಿಡಿದಾಗ ತಾನೇ ಬಣ್ಣ ಬಯಲಾಗುವುದು? ಬ್ಯಾಟರಿ ಪೆಟ್ಟಿಗೆಯ ಹಿಂದೆ, ಡಬ್ಬಿಯಿಂದ ಕರೆಂಟು ವಾಪಸ್ ಹೋಗುವ ಅರ್ತ್ ವೈರನ್ನು ಲಾರಿಯ ಕಬ್ಬಿಣದ ಚಾಸಿಗೆ ಬಿಗಿದ ಬೋಲ್ಟ್ ಬಿಚ್ಚಿದೆ. ಕೆಳಗೆ ಹಸಿರು ಬಣ್ಣ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು! ಹೋದ ಸಲದ ಪರೇಡಿಗೆ ಅಜ್ಜಿಗೆ ಬಣ್ಣ ಹೊಡೆದವಳು ಯಾರು ಎಂದು ನಾನು ಕೇಳುವುದಿಲ್ಲ. ಮೈಗಳ್ಳರಾಗಿದ್ದರೆ ಬೋಲ್ಟಿನ ಮೇಲೆಯೇ ಬ್ರಷ್ ಎಳೆದು ಮುಗಿಸುತ್ತಿದ್ದರು, ಏನೂ ಆಗುತ್ತಿರಲಿಲ್ಲ. ನೀನು ಬಿಚ್ಚಿ, ಉಜ್ಜಿ, ಒಳಗೂ ಬಳಿದು, ಒಣಗಿಸಿ, ಮತ್ತೆ ಬಿಗಿದಿದ್ದೆ. ಇಷ್ಟು ಅಚ್ಚುಕಟ್ಟಾಗಿ ಲಾರಿ ಕೆಡಿಸಿದವರನ್ನು ನಾನು ನೋಡಿಲ್ಲ. ಬೈಯಬೇಕು ಎಂದುಕೊಂಡವನಿಗೆ ನಗು ಬಂತು, ಆಮೇಲೆ ನಿನ್ನ ನೆನಪಾಗಿ ಕಣ್ಣು ತುಂಬಿತು.

ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿದೆ. ಬಲ್ಬ್ ಬೆಳ್ಳಗೆ ಉರಿಯಿತು. ಶುಕ್ರವಾರ ತಪಾಸಣೆಯವರು ಅಂಗಳಕ್ಕೆ ನೀರು ಹೊಯ್ಯಿಸಿ ಅಜ್ಜಿಯನ್ನು ಓಡಿಸಿದರು. ಪಕ್ಕದ ಸೀಟಿನಲ್ಲಿ ನಾನಿದ್ದೆ. ಲ್ಯಾಂಪ್ ಆರಿತು. ಒದ್ದೆಯ ಮೇಲೆ ಬ್ರೇಕ್ ಒತ್ತಿದಾಗ ವಾಲ್ವುಗಳು ಗರಗರ ಎಂದು ಗಾಳಿ ಬಿಟ್ಟವು, ಅಜ್ಜಿ ಒಂದಿಷ್ಟೂ ವಾಲದೆ ನೆಟ್ಟಗೆ ನಿಂತಿತು. ‘ಗಟ್ಟಿ ಮುದುಕಿ ಕಣ್ರೀ’ ಎಂದರು ಸಾಹೇಬರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇನ್ನು ಮುಂದೆ ಹೊಸಬರಿಗೆ ಡ್ರೈವಿಂಗ್ ಕಲಿಸುವ ಕೆಲಸಕ್ಕೆ ಅಜ್ಜಿ. ನಿನ್ನ ದಿಂಬನ್ನು ಅದರ ಸೀಟಿನಲ್ಲೇ ಬಿಟ್ಟಿದ್ದೇನೆ.

ಈ ಕಾಗದ, ಅಮ್ಮ ಹೆಣೆದ ಕಾಲುಚೀಲ ಎರಡನ್ನೂ ರೇಷನ್ ಲಾರಿಯ ಮೀಸೆ ಮಾಮನ ಕೈಲಿ ಕಳಿಸುತ್ತಿದ್ದೇನೆ. ಮಂಗಳವಾರ ಅಲ್ಲಿಗೆ ತಲುಪುತ್ತಾನಂತೆ. ಬುಧವಾರ ನೀವೆಲ್ಲ ಲಾರಿಗಳನ್ನು ತೆಗೆದುಕೊಂಡು ಬೆಟ್ಟ ಇಳಿಯುವ ಮೊದಲು ನಿನ್ನ ಕೈ ಸೇರುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನಮ್ಮ ಹಾರೈಕೆ ತಿಳಿಸು. ಹೋದ ದಾರಿಯೆಲ್ಲ ನಿನಗೆ ಒಳ್ಳೆಯದೇ ಆಗಲಿ, ಮಗಳೇ.

ನಿನ್ನ ಅಪ್ಪ

ತಾ.ಕ.: ಗುಬ್ಬೀ, ಅಮ್ಮ ಕಾಗದ ಓದಿದಳು. ನಗುತ್ತಾಳೆ ಎಂದುಕೊಂಡಿದ್ದೆ. ಮುಖ ಬಿಳಿಚಿಕೊಂಡು ‘ಹಾಗಾದ್ರೆ ಅವಳೀಗ ಓಡಿಸ್ತಿರೋ ಲಾರಿ?’ ಎಂದಳು. ಒಂದು ಬೋಲ್ಟನ್ನೂ ಬಿಟ್ಟಿಲ್ಲ ಎಂದು ನೀನೇ ಬರೆದಿದ್ದೆ, ನನಗೆ ಹೊಳೆಯಲೇ ಇಲ್ಲ. ಬ್ಯಾಟರಿ ಪೆಟ್ಟಿಗೆಯ ಹಿಂದಿನ ಆ ಬೋಲ್ಟ್ ಬಿಚ್ಚಿ, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಕೆರೆದು ಬಿಗಿ. ಇವತ್ತು ಲ್ಯಾಂಪ್ ಸರಿಯಾಗಿದ್ದರೂ ಕೆರೆ. ಅದು ಹತ್ತಿ ಆರಿದ್ದನ್ನು ನೋಡದೆ ಬೆಟ್ಟ ಇಳಿಯಬೇಡ. ಎಮರಿ ಪೇಪರ್ ಕಾಲುಚೀಲದೊಳಗಿದೆ. ಮೀಸೆ ಮಾಮ ಹಾರ್ನ್ ಹೊಡೆಯುತ್ತಿದ್ದಾನೆ. ನೀನು ಕೆರೆಯುವುದನ್ನು ಪಕ್ಕದಲ್ಲೇ ನಿಂತು ನೋಡಬೇಕೆಂದು ಅವನಿಂದ ಮಾತು ತೆಗೆದುಕೊಳ್ಳಲು ಅಮ್ಮ ಚಪ್ಪಲಿಯೂ ಇಲ್ಲದೆ ಬೀದಿಗೆ ಓಡಿದ್ದಾಳೆ.