ಮಗಳು ಶಕ್ತಳೇ?

ಕಾವಾಸಾಕಿ
11 ಜೂನ್ 2023, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ಬಾಯಿಬಡುಕಿ ಮಗಳ ನಮಸ್ಕಾರ. ಭಾನುವಾರ ಬಂದರೆ ಫೋನು ಮಾಡುವವಳು ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾಳೆಂದರೆ ಏನೋ ಎಡವಟ್ಟಾಗಿದೆ ಎಂದು ನೀನು ಲಕೋಟೆ ಒಡೆಯುವ ಮೊದಲೇ ಊಹಿಸಿರುತ್ತೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಸದಾ ಮೆಸ್ಸಿನ ಅಡುಗೆಕಟ್ಟೆಯ ಮೇಲೆ, ಸ್ಪೀಕರ್ ಹಾಕಿಕೊಂಡೇ ಇರುತ್ತದೆ. ನಾನು ಹೇಳಿದ್ದನ್ನೆಲ್ಲ ಚಪಾತಿ ಲಟ್ಟಿಸುವ ಲೀಲಾವತಿ ಚಿಕ್ಕಮ್ಮನೂ ತಟ್ಟೆ ಹಿಡಿದು ನಿಂತ ಹಾಸ್ಟೆಲ್ ಹುಡುಗಿಯರೂ ಕೇಳುತ್ತಾರೆ. ಅಲ್ಲದೆ ನಿನಗೆ ಹಿಡಿಸದ ಮಾತು ಬಂತೆಂದರೆ, ಸಾಕು ಬಿಡೇ, ಸಾರು ಉಕ್ತಾ ಇದೆ ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ಪೂರ್ತಿ ಓದುತ್ತೀಯ. ಬೋಂಡ ಕಟ್ಟಿಕೊಟ್ಟ ಹಳೆಯ ಪೇಪರನ್ನೂ ಬಿಡಿಸಿ ಓದುವವಳು ನೀನು.

ವಿಷಯ ನಿನ್ನ ಆಪರೇಷನ್‌ದು. ಹೃದಯದ ಕವಾಟ ಬದಲಾಯಿಸಲೇಬೇಕು, ಮಳೆಗಾಲ ಮುಗಿಯುವವರೆಗೆ ಕಾಯಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನನಗೆ ತಿಳಿಸಿದ ದಿನ, ಬಡವರ ಆರೋಗ್ಯ ಕಾರ್ಡಿನಲ್ಲಿ ಎಲ್ಲ ಆಗುತ್ತದಂತೆ, ನೀನು ತಲೆ ಕೆಡಿಸಿಕೊಳ್ಳಬೇಡ ಅಂದೆ. ಅಮ್ಮ, ಆ ಕಾರ್ಡು ನಿನಗೆ ಉಳಿಯುತ್ತದೋ ಇಲ್ಲವೋ ಎನ್ನುವುದು ಈಗ ನಾನು ಕೊಡುವ ಒಂದು ಉತ್ತರದ ಮೇಲೆ ನಿಂತಿದೆ. ಹೇಗೆ ಎಂದು ಹೇಳುತ್ತೇನೆ, ಸಿಟ್ಟು ಮಾಡದೆ ಓದು.

ನನ್ನ ಕೆಲಸ ಏನೆಂದು ಯಾರು ಕೇಳಿದರೂ ನೀನು ‘ಕಂಪ್ಯೂಟರ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೀಯ. ಶಿನಾಗಾವಾದಲ್ಲಿರುವ ನಮ್ಮ ಆಫೀಸು ಎರಡು ವರ್ಷದಿಂದ ಮಾಡುತ್ತಿರುವುದು ನಮ್ಮ ರಾಜ್ಯದ್ದೇ ಕೆಲಸ. ಬಡವರ ಆರೋಗ್ಯ ವಿಮೆಯನ್ನು ರಿಪೇರಿ ಮಾಡಿಕೊಡಿ ಎಂದು ಸರ್ಕಾರ ನಮ್ಮ ಕಂಪನಿಗೆ ಒಪ್ಪಿಸಿತ್ತು. ಕಾರು ಇಟ್ಟುಕೊಂಡವರ ಕೈಯಲ್ಲಿ ಕಾರ್ಡಿದೆ, ಇಟ್ಟಿಗೆ ಹೊರುವವರಿಗೆ ಇಲ್ಲ. ಅದನ್ನು ನೆಟ್ಟಗೆ ಮಾಡಬೇಕೆಂದು ನಾನು ಮನಸ್ಸಿಟ್ಟು ದುಡಿದೆ. ಸಂಬಳಕ್ಕಾಗಿ ಮಾತ್ರ ದುಡಿದವಳಲ್ಲ, ಇದನ್ನು ನಂಬು.

ಹೊಸ ನಿಯಮಗಳಲ್ಲಿ ಒಂದು ಹೀಗಿದೆ. ಕಾರ್ಡಿನವರು ದೊಡ್ಡ ಚಿಕಿತ್ಸೆ ಕೇಳಿದಾಗ, ಬೇರೆ ಕಡೆ ಸಂಪಾದಿಸುವ ಮಕ್ಕಳಿದ್ದರೆ ಆ ಮಕ್ಕಳಿಗೆ ಕಚೇರಿಯಿಂದ ಕಾಗದ ಹೋಗಬೇಕು: ನಿಮ್ಮ ತಂದೆ ತಾಯಿಯನ್ನು ನೋಡಿಕೊಳ್ಳಲು ನೀವು ಶಕ್ತರೇ? ಇದು ಜಪಾನಿನಲ್ಲಿರುವ ಪದ್ಧತಿ. ಇಲ್ಲಿ ಬಡವರು ಸರ್ಕಾರದ ನೆರವು ಕೇಳಿದರೆ ಸಂಬಂಧಿಕರಿಗೆ ಹೀಗೊಂದು ಕಾಗದ ಹೋಗುತ್ತದೆ. ನಮ್ಮವರು ಅದನ್ನು ಎತ್ತಿಕೊಂಡರು. ಆದರೆ ಅವರು ಬರೆದ ಕರಡಿನಲ್ಲಿ ಗಂಡುಮಕ್ಕಳು ಮಾತ್ರ ಇದ್ದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆಯನ್ನು ಕಂಪ್ಯೂಟರಿಗೂ ಕಲಿಸಲು ಹೊರಟಿದ್ದರು. ನನಗೆ ಮೈಯೆಲ್ಲ ಉರಿಯಿತು. ಬೆಂಗಳೂರಿನ ಅಧಿಕಾರಿಗಳೆಲ್ಲ ಪರದೆಯ ಮೇಲೆ ಕೂತಿದ್ದ ಮೀಟಿಂಗಿನಲ್ಲಿ, ಹೆಣ್ಣುಮಕ್ಕಳು ಮಕ್ಕಳಲ್ಲವಾ, ನಮ್ಮ ದುಡಿಮೆ ದುಡಿಮೆಯಲ್ಲವಾ, ನಮ್ಮನ್ನೂ ಕೇಳಿ ಅಂದೆ. ಕೆಲವರು ಚಪ್ಪಾಳೆ ತಟ್ಟಿದರು. ನಮ್ಮ ಮ್ಯಾನೇಜರ್ ನಟರಾಜ ಸರ್ ಆಮೇಲೆ ಎಲ್ಲರಿಗೂ ಕಾಫಿ ಕೊಡಿಸಿದರು.

ಚಪ್ಪಾಳೆ ತಟ್ಟದವರು ಒಬ್ಬರಿದ್ದರು, ಪಕ್ಕದ ಕುರ್ಚಿಯ ಇಶಿಮುರಾ ಸಾನ್. ಮಾರನೆಯ ದಿನ ಊಟದ ಹೊತ್ತಿನಲ್ಲಿ ತಮ್ಮ ತಾಯಿಯ ಕಥೆ ಹೇಳಿದರು. 2011ರ ಭೂಕಂಪದಲ್ಲಿ, ಸಮುದ್ರ ಒಳನುಗ್ಗಿದಾಗ, ಆಕೆಯ ಮನೆ ಕೊಚ್ಚಿಹೋಯಿತಂತೆ. ತಾತ್ಕಾಲಿಕ ಮನೆಯಲ್ಲಿ ಕೆಲವು ವರ್ಷ ಕಳೆದು, ಕೈಯಲ್ಲಿದ್ದದ್ದೆಲ್ಲ ಕರಗಿ, ಕೊನೆಗೆ ನೆರವಿಗೆ ಅರ್ಜಿ ಹಾಕಿದರಂತೆ. ಟೋಕಿಯೋದಲ್ಲಿರುವ ಮಗಳಿಗೆ, ಅಂದರೆ ಇದೇ ಇಶಿಮುರಾ ಸಾನ್‌ಗೆ, ಒಂದು ಕಾಗದ ಹೋಗುತ್ತದೆ ಎಂದು ಕಚೇರಿಯಲ್ಲಿ ಹೇಳಿದ್ದೇ ತಡ, ಅರ್ಜಿ ವಾಪಸು ಇಸಿದುಕೊಂಡು ಸುಮಿಮಾಸೆನ್, ತಪ್ಪಾಯಿತು ಎಂದು ಬಗ್ಗಿ ನಮಸ್ಕರಿಸಿ ಬಂದುಬಿಟ್ಟರಂತೆ. ಕೇಳಿ ಪಾಪ ಅನ್ನಿಸಿತು. ಆದರೆ ನಾನು ಅದನ್ನು ಜಪಾನಿನ ಅಮ್ಮಂದಿರ ಸಂಕೋಚ ಎಂದುಕೊಂಡೆ. ನನ್ನ ಅಮ್ಮ ಅಂಥವಳೇ ಎಂದು ನೆನಪಾಗಲಿಲ್ಲ ನೋಡು.

ಪ್ರಯೋಗಕ್ಕೆಂದು ಮೊದಲು ಆರಿಸಿದ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಮೊನ್ನೆ ಮಂಗಳವಾರ ನನಗೆ ರಿಜಿಸ್ಟರ್ಡ್ ಕಾಗದ ಬಂತು. ‘ತಮ್ಮ ತಾಯಿಯವರಾದ ಶ್ರೀಮತಿ ಅನಸೂಯಾ ಅವರ ಚಿಕಿತ್ಸೆಯ ವೆಚ್ಚವನ್ನು ಭರಿಸಲು ತಾವು ಶಕ್ತರೇ?’ ಎಷ್ಟು ವಿನಯವಾಗಿದೆ ಅಲ್ಲವಾ? ಆ ವಾಕ್ಯ ತಿದ್ದಿದ್ದೂ ನಾನೇ.

ಹೌದು ಎಂದರೆ ನಿನ್ನ ಕಾರ್ಡು ರದ್ದು. ಮೋಹಿತ್‌ಗೆ ಇದರಲ್ಲಿ ಕಷ್ಟವೇ ಕಾಣಲಿಲ್ಲ. ಯೆಸ್ ಅಂತ ಟಿಕ್ ಮಾಡಿ ಹಾಸ್ಪಿಟಲ್‌ಗೆ ನಾವೇ ಪೇ ಮಾಡೋಣ, ಸಿಂಪಲ್ ಅಲ್ವಾ ಅಂದ. ನಿನ್ನ ಅಳಿಯ ಒಳ್ಳೆಯವನೇ, ಆದರೆ ನಿನ್ನನ್ನು ಬಲ್ಲವನಲ್ಲ. ಹೋದ ವರ್ಷ ಕಣ್ಣಿನ ಪೊರೆಗೆ ನಾನು ಇಲ್ಲಿಂದಲೇ ದುಡ್ಡು ಕಟ್ಟಿದ್ದೆ ಎಂದು ಗೊತ್ತಾದ ತಕ್ಷಣ, ಆಸ್ಪತ್ರೆಯ ಹಸಿರು ಗೌನು ಬಿಚ್ಚಿಟ್ಟು, ಸೀರೆ ಸುತ್ತಿಕೊಂಡು ಬಸ್ಸು ಹತ್ತಿದವಳು ನೀನು. ನಾನು ಕಳಿಸಿದ ದುಡ್ಡೆಲ್ಲ ನಿನ್ನ ಮೊಮ್ಮಗಳು ಸಾಹಿತ್ಯಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಕೂತಿದೆ. ಕೇಳಿದರೆ ಅದು ಮಗುವಿನದು ಅನ್ನುತ್ತೀಯ. ಪೊರೆಗೆ ಹಟ ಮಾಡಿದರೆ ಕಣ್ಣು ಸ್ವಲ್ಪ ಮಂಜಾಗುತ್ತದೆ ಅಷ್ಟೆ. ಇದು ಕವಾಟ, ಅಮ್ಮ. ನೀನು ಈ ಸಲ ಬಸ್ಸು ಹತ್ತಿದರೆ ಸತ್ತುಹೋಗುತ್ತೀಯ.

ಇಲ್ಲ ಎಂದರೆ ಕಾರಣ ಕೊಡಬೇಕು. ಅಲ್ಲಿರುವುದು ಮೂರೇ ಕಾರಣ: ಕೆಲಸವಿಲ್ಲ, ಕಾಯಿಲೆಯಾಗಿದೆ, ಸಂಬಂಧ ಮುರಿದಿದೆ. ಅಮ್ಮ ತೆಗೆದುಕೊಳ್ಳುವುದಿಲ್ಲ ಎನ್ನುವ ಕಾರಣಕ್ಕೆ ಜಾಗವೇ ಇಲ್ಲ. ಇಂಥ ಅಮ್ಮಂದಿರೂ ಇರುತ್ತಾರೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ನನಗೂ.

ನಟರಾಜ ಸರ್ ಹತ್ತಿರ ಹೋದೆ. ಅವರು ಬಾಗಿಲು ಹಾಕಿಕೊಂಡು, ರೂಲ್ ತಂದಿದ್ದು ನೀನು, ನೀನೇ ಎಕ್ಸೆಪ್ಷನ್ ಕೇಳಿದ್ರೆ ಹೇಗಮ್ಮಾ, ನಾಳೆ ಪೇಪರ್‌ನಲ್ಲಿ ಬಂದ್ರೆ ಇಡೀ ಪ್ರಾಜೆಕ್ಟ್ ಹೋಗುತ್ತೆ ಅಂದರು. ಅವರು ಹೇಳಿದ್ದು ಸುಳ್ಳಲ್ಲ. ನನ್ನ ಅಮ್ಮನಿಗೆ ಮಾತ್ರ ಬೇರೆ ನಿಯಮ ಎಂದರೆ ಕಾರಿನವರಿಗೂ ನನಗೂ ಏನು ವ್ಯತ್ಯಾಸ? ಹೆಣ್ಣುಮಕ್ಕಳನ್ನೂ ಕೇಳಿ ಅಂದದ್ದು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ತಪ್ಪು ಅನ್ನಿಸಿದ್ದರೆ ಅತ್ತು ಹಗುರವಾಗಬಹುದಿತ್ತು. ಇಲ್ಲಿ ಅಳುವುದೂ ಸುಲಭವಲ್ಲ. ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯ ಅಜ್ಜ ಕೆಮ್ಮಿದರೂ ಕೇಳುತ್ತದೆ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದೆ. ಬೆಳಿಗ್ಗೆ ರೈಲಿನಲ್ಲಿ ಕೈಯೆತ್ತಿ ಕಣ್ಣು ಒರೆಸಿಕೊಳ್ಳಲೂ ಜಾಗವಿರುವುದಿಲ್ಲ, ಅಷ್ಟು ಜನ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೇನೆ ಅಮ್ಮ, ಅತ್ತಲೂ ನೀನೇ, ಇತ್ತಲೂ ನೀನೇ.

ಹೇಳಿಬಿಡುತ್ತೇನೆ. ಇಲ್ಲ ಎಂದು ಬರೆದು ಕಳಿಸಿದ್ದೇನೆ. ಮೂರನೆಯ ಕಾರಣಕ್ಕೆ ಗುರುತು ಹಾಕಿದ್ದೇನೆ.

ಈಗ ನಿನ್ನ ಸರದಿ. ನಾನು ಬರೆದದ್ದು ನಿಜವೋ ಸುಳ್ಳೋ ಎಂದು ನೋಡಲು ಮನೆಗೆ ವಿಚಾರಣೆಯವರು ಬರುತ್ತಾರೆ, ನಿನ್ನನ್ನೇ ಕೇಳುತ್ತಾರೆ. ಆಗ ನೀನು, ಹೌದು, ಅವಳಿಗೂ ನನಗೂ ಏನೂ ಇಲ್ಲ ಎಂದು ಹೇಳಬೇಕು. ಗೊತ್ತು, ನೀನು ಸುಳ್ಳು ಹೇಳುವವಳಲ್ಲ. ಸಾರಿಗೆ ಬೇಳೆ ಕಡಿಮೆಯಾದರೆ ಹುಡುಗಿಯರು ಕೇಳುವ ಮೊದಲೇ ನೀನೇ ಒಪ್ಪಿಕೊಳ್ಳುತ್ತೀಯ. ಮಗಳ ದುಡ್ಡು ಮುಟ್ಟುವುದಿಲ್ಲ, ಸುಳ್ಳು ಹೇಳುವುದಿಲ್ಲ: ನಿನಗಿರುವುದು ಎರಡು ಹಟ. ಈ ಸಲ ಒಂದನ್ನು ಬಿಡಲೇಬೇಕು. ಯಾವುದನ್ನು ಎಂದು ನಾನು ಹೇಳುವುದಿಲ್ಲ. ಯಾವುದನ್ನಾದರೂ ಬಿಡು, ಜೀವ ಒಂದನ್ನು ಬಿಟ್ಟು.

ಇನ್ನು ಭಾನುವಾರದ ಫೋನು ಬರುವುದಿಲ್ಲ. ಸಂಬಂಧ ಮುರಿದವಳು ವಾರವಾರ ಸ್ಪೀಕರಿನಲ್ಲಿ ಕೂಗಿದರೆ ಯಾರು ನಂಬುತ್ತಾರೆ? ಉಪ್ಪು ಕಡಿಮೆ ಮಾಡು. ಮೆಸ್ಸಿನ ಅನ್ನದ ಹಂಡೆಯನ್ನು ನೀನು ಇಳಿಸಬೇಡ, ಚಿಕ್ಕಮ್ಮ ಇಳಿಸಲಿ.

ಇಂತಿ ನಿನ್ನವಳೇ ಆದ,
ಹರ್ಷಿಣಿ

ಮ.ವಿ.: ಅಜ್ಜಿಗೆ ಕಾಗದ ಎಂದು ಗೊತ್ತಾಗಿ ಸಾಹಿತ್ಯ ಒಂದು ಚಿತ್ರ ಬರೆದು ತಾನೇ ಲಕೋಟೆಯೊಳಗೆ ಹಾಕಿದ್ದಳು. ಅಂಟಿಸುವ ಮೊದಲು ತೆಗೆದಿಟ್ಟೆ. ಕಳಿಸಿದರೆ ನೀನು ಗೋಡೆಗೆ ಹಚ್ಚುತ್ತೀಯ, ಬಂದವರು ನೋಡುತ್ತಾರೆ. ಈ ಕಾಗದವನ್ನೂ ಓದಿ ಒಲೆಗೆ ಹಾಕು.

~

ಹಳೇಪೇಟೆ
9 ಜುಲೈ 2023

ಹರ್ಷಿಣಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಓದಿ ಎರಡು ದಿನ ನಿನ್ನ ಮೇಲೆ ಕುದಿದೆ. ಸುಳ್ಳು ಹೇಳಿ ಕವಾಟ ಹಾಕಿಸಿಕೊಳ್ಳುವುದಕ್ಕಿಂತ ಇರುವ ಕವಾಟದಲ್ಲೇ ಹೋಗುವುದು ಮೇಲು ಎಂದು ಲೀಲಾವತಿಗೆ ಹೇಳಿದೆ. ಅವಳು ಲಟ್ಟಣಿಗೆ ಎತ್ತಿಕೊಂಡು ಬಂದಳು.

ನಿನ್ನ ದುಡ್ಡು ಮುಟ್ಟದಿರುವುದು ಗಾದೆಗೋಸ್ಕರ ಅಲ್ಲ, ಇದೊಂದು ತಿಳಿದುಕೋ. ನಿನ್ನ ಮದುವೆಯ ಮನೆಯಲ್ಲಿ ಬೀಗರ ಕಡೆಯ ಹೆಂಗಸರು, ಇನ್ನು ತಾಯಿಯನ್ನೂ ನಮ್ಮ ಹುಡುಗನೇ ಸಾಕಬೇಕು ಎಂದು ಆಡಿಕೊಂಡಿದ್ದು ನನ್ನ ಕಿವಿಗೆ ಬಿದ್ದಿತ್ತು. ಆವತ್ತೇ ನಿಶ್ಚಯ ಮಾಡಿದ್ದೆ. ನೀನು ಅವರ ಮನೆಯಲ್ಲಿ ತಲೆ ಎತ್ತಿಕೊಂಡು ಇರಬೇಕು, ಅಷ್ಟೇ.

ವಿಚಾರಣೆಗೆ ನೀರಜಾ ಎಂಬ ಹೆಂಗಸು ಬಂದಿದ್ದಳು, ಕೈಯಲ್ಲಿ ಸ್ಲೇಟಿನಂಥ ಕಂಪ್ಯೂಟರ್ ಹಿಡಿದುಕೊಂಡು. ನಾನು ಕಾಫಿ ಕೊಟ್ಟು ಎದುರಿಗೆ ಕೂತೆ. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳುವುದು, ಕಾರ್ಡು ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡಿದ್ದೆ. ಮಗಳು ಕೊನೆಗೆ ಮನೆಗೆ ಬಂದಿದ್ದು ಯಾವಾಗ ಎಂದು ಕೇಳಿದಳು. ಕೊರೋನಾಕ್ಕಿಂತ ಮುಂಚೆ, ಮೊಮ್ಮಗಳು ಆಗ ತಾನೇ ಮಾತು ಕಲಿಯುತ್ತಿದ್ದಳು ಅಂದೆ. ನೀವು ಅವಳ ಮನೆಗೆ ಹೋಗಿದ್ದೀರಾ? ಇಲ್ಲ. ಮೊಮ್ಮಗಳ ಜೊತೆ ಮಾತಾಡುತ್ತೀರಾ? ನಾನು ಹೇಳಿದ್ದು ಅವಳಿಗೆ ಅರ್ಥವಾಗುತ್ತದೆ, ಅವಳು ಜಪಾನಿಯಲ್ಲಿ ಹೇಳುವುದು ನನಗೆ ಆಗುವುದಿಲ್ಲ. ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದಾಗ ಯಾರಿಗೆ ಹೇಳಿದಿರಿ? ಲೀಲಾವತಿಗೆ. ಮಗಳಿಗೆ? ತಿಂಗಳಾದ ಮೇಲೆ. ಮಗಳು ತಿನ್ನುವ ಊಟ, ಇರುವ ಮನೆ ಹೇಗಿದೆ ಎಂದು ಗೊತ್ತಾ? ಇಲ್ಲಮ್ಮ.

ಫೋನಿನ ವಿಷಯ ಕೇಳುತ್ತಾಳೆ, ವಾರವಾರ ಮಾಡುತ್ತಾಳೆ ಎಂದು ಹೇಳಬೇಕು ಅಂತ ಕಾದೆ. ಕೇಳಲಿಲ್ಲ. ಪ್ರಶ್ನೆಗಳು ನಿಮ್ಮ ಕಂಪನಿಯವೇ ಇರಬೇಕು. ಸಹಿ ಹಾಕಿ ಅಂದಾಗ ಏನು ಬರೆದಿದೆ ಎಂದು ಕೇಳಿದೆ. ತಾಯಿ ಮಗಳ ಸಂಬಂಧ ಮುರಿದಿರುವುದು ನಿಜ ಎಂದು ಓದಿದಳು. ಅಯ್ಯೋ ಹಾಗಲ್ಲ, ನನ್ನ ಮಗಳು ಬಂಗಾರದಂಥವಳು ಅಂದೆ. ಅವಳು ನಗಾಡಿ, ನಾನು ಬರ್ದಿದ್ದಲ್ಲಮ್ಮ, ನೀವು ಹೇಳಿದ್ದಕ್ಕೆ ಈ ಕಂಪ್ಯೂಟರೇ ಹಂಗೆ ತೋರಿಸ್ತದೆ ಅಂದಳು.

ಸಹಿ ಹಾಕಿದೆ. ಕಾರ್ಡು ಉಳಿಯಿತು. ಬರುವ ಬುಧವಾರ ಆಪರೇಷನ್. ಆಸ್ಪತ್ರೆಯಲ್ಲಿ ಹತ್ತಿರದವರು ಯಾರು ಎಂದಿದ್ದಕ್ಕೆ ಲೀಲಾವತಿಯ ಹೆಸರು ಬರೆಸಿದ್ದೇನೆ. ನೀನು ಬರಬೇಡ, ಫೋನೂ ಮಾಡಬೇಡ. ಜೊತೆಗೆ ಬಂದವರದ್ದೂ ಅಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಅಮ್ಮ ಸುಳ್ಳು ಹೇಳಬೇಕಾಗುತ್ತದಲ್ಲ ಎಂದು ನೀನು ಸಂಕಟಪಟ್ಟಿದ್ದೆ. ಆ ಚಿಂತೆ ಬಿಡು. ನಾನು ಒಂದು ಸುಳ್ಳನ್ನೂ ಹೇಳಲಿಲ್ಲ.

ನಿನ್ನ ಅಮ್ಮ,
ಅನಸೂಯಾ

ಮ.ವಿ.: ಒಂದು ಹೇಳಿದ್ದೇನೆ. ಆ ಹೆಂಗಸು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಸ್ಲೇಟು ಚೀಲದೊಳಗೆ ಹಾಕಿದ ಮೇಲೆ, ಸುಮ್ಮನೆ ಕೇಳಿದಳು, ಮಗಳನ್ನ ನೋಡ್ಬೇಕು ಅನ್ಸಲ್ವಾ ಅಂತ. ಇಲ್ಲ ಅಂದೆ.