ಬ್ರೆಡ್ಡಿಲ್ಲದ ಸ್ಯಾಂಡ್‌ವಿಚ್

ಅಪ್ಪಾ,

ನಾನು ಕೆಲಸಕ್ಕೆ ಹೊರಟೆ. ಗುರುವಾರ ನಿಮ್ಮ ಸಕ್ಕರೆ ಪರೀಕ್ಷೆ, ಅಲ್ಲಿಯವರೆಗೆ ಬ್ರೆಡ್ ಇಲ್ಲ. ಮಧ್ಯಾಹ್ನಕ್ಕೆ ನಿಮ್ಮ ಅಂಗಡಿಯ ಸ್ಯಾಂಡ್‌ವಿಚ್ಚನ್ನೇ ಬ್ರೆಡ್ ಬಿಟ್ಟು ಬಟ್ಟಲಲ್ಲಿ ಕಲಸಿಕೊಳ್ಳಿ.

ಲೆಟ್ಯೂಸ್ ಸೊಪ್ಪು ತೊಳೆದಿಟ್ಟಿದ್ದೇನೆ. ಸಲಾಮಿ, ಹ್ಯಾಮ್ ಮಾಂಸದ ಬಿಲ್ಲೆಗಳು, ಪ್ರೊವೊಲೋನೆ ಚೀಸು ಫ್ರಿಜ್ಜಿನಲ್ಲಿವೆ, ಸಣ್ಣಗೆ ಹೆಚ್ಚಿ. ಈರುಳ್ಳಿ, ಟೊಮೆಟೊ, ಖಾರದ ಮೆಣಸಿನಕಾಯಿ ನಿಮ್ಮಿಷ್ಟ. ಎಣ್ಣೆ ಮಾತ್ರ ಎರಡೇ ಚಮಚ. ನಲವತ್ತು ವರ್ಷ ಬನ್ನಿನ ಮೇಲೆ ಸುರಿದ ಕೈ ನಿಮ್ಮದು; ಅದನ್ನೆಲ್ಲ ಬನ್ನು ಕುಡಿಯುತ್ತಿತ್ತು. ಬಟ್ಟಲಲ್ಲಿ ಕುಡಿಯುವವರಿಲ್ಲ. ಮೊನ್ನೆ ಟೊಮೆಟೊ ಈಜುತ್ತಿದ್ದವು.

“ಹುಲ್ಲು ಮೇಯೋಕೆ ನಾನೇನು ಮೇಕೆನಾ?” ಎಂದಿರಲ್ಲ, ಯಾವ ಮೇಕೆಯೂ ಇಷ್ಟು ಸಲಾಮಿ ತಿನ್ನುವುದಿಲ್ಲ.

ಒಂಬತ್ತನೇ ಬೀದಿಯ ಬೇಕರಿಗೆ ಹೋಗಬೇಡಿ. ನಿಮಗೇನೂ ಕೊಡಬೇಡ ಎಂದು ಅಲ್ಲಿನ ಡೊನಾಟೊಗೆ ಹೇಳಲು ನಿನ್ನೆ ಹೋಗಿದ್ದೆ. “ತಡ ಆಯ್ತಲ್ಲಮ್ಮಾ, ನಿಮ್ಮಪ್ಪ ಈಗ ತಾನೆ ಒಂದು ಬನ್ನು ಒಯ್ದ್ರು. ನಿಂಗೆ ಹೇಳಬಾರ್ದು ಅಂತ ಸಂತ ರೊಕ್ಕೊ ಮೇಲೆ ಆಣೆ ಬೇರೆ ಹಾಕಿಸ್ಕೊಂಡ್ರು” ಎಂದ.

ನಿಮ್ಮ ಕೋಟಿನ ಜೇಬಿನಲ್ಲಿದ್ದ ಆ ಬನ್ನು ಈಗ ನನ್ನ ಊಟದ ಡಬ್ಬಿಯಲ್ಲಿದೆ. ಸಲಾಮಿ ನಾಲ್ಕು ಬಿಲ್ಲೆ ಕಡಿಮೆ ಕಂಡರೆ, ಅವೂ ಅದರೊಳಗೇ ಇವೆ. ಎಣ್ಣೆಯನ್ನು ನಿಮ್ಮ ಕೈಯಳತೆಯಲ್ಲೇ ಸುರಿದಿದ್ದೇನೆ.

ಅಸುಂತಾ