ಎರಡನೇ ಬದಿ ನಾನೊಬ್ಬಳೇ ಕೇಳಿದೆ

ಲೇಡೀಸ್ ಹಾಸ್ಟೆಲ್, ಮಂಡ್ಯ
ಭಾನುವಾರ, ೨೫ ಫೆಬ್ರವರಿ ೧೯೭೯

ಪ್ರೀತಿಯ ಪಾರ್ಥಣ್ಣನಿಗೆ ಚೂಡಾ ಮಾಡುವ ನಮಸ್ಕಾರ.

ನಿನ್ನ ಪಾರ್ಸೆಲ್ ಬಂದು ತಿಂಗಳಾಯ್ತು, ಉತ್ತರ ಬರೆಯಲಿಲ್ಲ, ಸಾರಿ. ಟೆಸ್ಟ್ ಇತ್ತು, ಆಮೇಲೆ ಜ್ವರ ಬಂತು ಅಂತ ಒಂದು ಕಾಗದ ಬರೆದು ಹರಿದುಹಾಕಿದೆ. ಜ್ವರ ಬಂದಿರಲಿಲ್ಲ. ಫಸ್ಟ್ ಇಯರ್ ಮುಗಿಯುವಷ್ಟರಲ್ಲಿ ಫೇಲಾಗ್ತೀನೇನೋ ಅಂತ ನಡುರಾತ್ರಿ ಎದ್ದು ಪುಸ್ತಕ ತೆಗೀತೀನಿ, ಅದು ಹಳೇ ಕಾಯಿಲೆ, ನಿನಗೆ ಗೊತ್ತು. ಮಳವಳ್ಳಿಯಲ್ಲಿ ಅಪ್ಪ ಆರೋಗ್ಯವಾಗಿದ್ದಾರೆ. ಮಮ್ಮಿ ತಮ್ಮ ಇಂಗ್ಲೆಂಡಿಗೆ ಹೊರಟುಹೋಗಿ ಇಷ್ಟು ವರ್ಷವಾದರೂ, ಅವರ ಹೆಸರೆತ್ತಿದರೆ ಈಗಲೂ ಎದ್ದು ಹೋಗಿ ಸೈಕಲ್ ಒರೆಸುತ್ತಾರೆ.

ಮೊದಲು ರೆಕಾರ್ಡುಗಳ ವಿಷಯ. ನೀನು ಹೇಳಿದ ಕ್ರಮದಲ್ಲೇ ಕೇಳಿದೆ. ಜಾಜ್ ಹಾಕಿದ ದಿನ ವಾರ್ಡನ್ ಪಂಕಜಮ್ಮನವರು ಜಪದ ಸರ ಕೈಯಲ್ಲೇ ಹಿಡಿದು ಕೂತುಬಿಟ್ಟರು. ಪ್ಲೇಯರ್ ಅವರದ್ದೇ ತಾನೆ, ಎದ್ದು ಹೋಗಿ ಅನ್ನುವ ಹಾಗಿಲ್ಲ. "ಈ ಪುಣ್ಯಾತ್ಮ ದಾರಿ ಬಿಟ್ಟು ಎಲ್ಲೋ ಹೋಗಿಬಿಡ್ತಾನೆ ಕಣೆ, ನಂಗೆ ಗಾಬರಿಯಾಗುತ್ತೆ. ಆಮೇಲೆ ನೋಡಿದ್ರೆ ಸರಿಯಾಗಿ ಮನೆ ಬಾಗಿಲಿಗೇ ಬಂದಿರ್ತಾನೆ" ಅಂದರು. ನನ್ನ ರೂಮ್‌ಮೇಟ್ ಸೋಮಮ್ಮ, ಬಸರಾಳಿನವಳು, ಸ್ಯಾಕ್ಸೋಫೋನ್ ಶುರುವಾದ ತಕ್ಷಣ "ಎಮ್ಮೆ ಈಯೋವಾಗ ಇಂಗೇ ಕೂಗೋದು" ಅಂದಳು. ಎರಡನೇ ರೆಕಾರ್ಡಿನ ಮೆಷಿನ್ ಸಂಗೀತಕ್ಕೆ "ಇದೇನೇ ಅರ್ಧ ಇಂಗ್ಲೆಂಡು, ನಮ್ಮೂರ್ ಇಟ್ಟಿನ್ ಗಿರಣಿ ತಾಳ ಕಲ್ತಂಗದೆ" ಅಂತ ನಕ್ಕಳು. ಅರ್ಧ ಇಂಗ್ಲೆಂಡು ಅನ್ನೋದು ನನ್ನ ಹೊಸ ಹೆಸರು. ನಕ್ಕರೂ ಇನ್ನೊಂದು ಸಲ ಹಾಕು ಅಂತ ಅವಳೇ ಪೀಡಿಸಿದಳು.

ಮೂರನೆಯದು ಆ ಮೆತ್ತನೆಯ ರೆಕಾರ್ಡು. "ಇದರಲ್ಲಿ ರಾಗ ಹುಡುಕಬೇಡ, ರೂಮಿನೊಳಗಿನ ಬೆಳಕಿನ ಥರ ಇರಲಿ ಬಿಡು" ಅಂತ ನೀನು ಬರೆದಿದ್ದೆ. ಅದರ ಕೆಳಗೆ ಗೆರೆ ಎಳೆದು, "ಫೆಬ್ರವರಿ ಹನ್ನೊಂದು, ಭಾನುವಾರ. ಎಂದಿನ ಹೊತ್ತು. ಆವತ್ತು ಹಾಸ್ಟೆಲ್ ಬಿಟ್ಟು ಎಲ್ಲೂ ಹೋಗಬೇಡ, ಪ್ರಾಮಿಸ್ ಮಾಡು" ಅಂತ. ನೀನು ಇಂಗ್ಲೆಂಡಿಗೆ ಹೋದಾಗಿನಿಂದ ನಮ್ಮಿಬ್ಬರ ನೇಮ ಅದು. ಇಲ್ಲಿ ಮಧ್ಯಾಹ್ನ ಒಂದೂವರೆ, ಅಲ್ಲಿ ಬೆಳಿಗ್ಗೆ ಎಂಟು. ನೀನೂ ನಾನೂ ಒಂದೇ ರೆಕಾರ್ಡಿನ ಮೇಲೆ ಒಂದೇ ಸಲ ಮುಳ್ಳು ಇಡೋದು, ಮುಗಿಯೋವರೆಗೆ ಯಾರ ಹತ್ತಿರವೂ ಮಾತಾಡದೆ ಇರೋದು.

ಆ ದಿನ ಬೆಳಿಗ್ಗೆ ಅಡುಗೆಮನೆಯ ದೇವಿರಮ್ಮ ತನ್ನೂರು ಕೊಕ್ಕರೆ ಬೆಳ್ಳೂರಿಗೆ ಹೊರಟಿದ್ದಳು. "ಬಾ ಚೂಡವ್ವ, ಕೊಕ್ರೆ ಮರಿ ಮಾಡವೆ, ಸಂಜೆ ಬಸ್ಸಿಗೆ ವಾಪಸ್ ಬರಾನ" ಅಂತ ಕರೆದಳು. "ಇಲ್ಲ ದೇವಿರಮ್ಮ, ನಮ್ಮಣ್ಣ ಕಾಯ್ತಿರ್ತಾನೆ" ಅಂದೆ. ಅವಳಿಗೆ ಅರ್ಥವಾಗಲಿಲ್ಲ, ಹೋದಳು.

ನಾನು ಕೂತೆ. ಎರಡೂ ಬದಿ ಕೇಳಿದೆ. ಎರಡನೇ ಬದಿಯಲ್ಲಿ ಒಂದೇ ಸ್ವರ ತುಂಬ ಹೊತ್ತು ನಿಲ್ಲುತ್ತೆ. ಅದು ಇತ್ತು ಅಂತ ಗೊತ್ತಾಗೋದೇ ಹೋದ ಮೇಲೆ. ಇದನ್ನ ನೀನೂ ಗಮನಿಸಿರ್ತೀಯ, ಬರೆದು ತಿಳಿಸಬೇಕು ಅಂತ ಅಂದುಕೊಂಡೆ.

ಮಾರನೇ ದಿನ ದೇವಿರಮ್ಮ ಸಾರಿನ ಸೌಟು ಹಿಡಿದೇ ನನ್ನ ಹತ್ತಿರ ಬಂದಳು.

"ಚೂಡವ್ವ, ಅಣ್ಣ ಬಂದವ್ರೆ ಅಂತ ಯಾಕ್ ಯೋಳ್ನಿಲ್ಲ?"

"ಎಲ್ಲಿಗೆ ಬಂದಿದಾನೆ? ಅವನು ಇಂಗ್ಲೆಂಡಲ್ಲಿದಾನೆ."

"ಇಂಗ್ಲೆಂಡೂ ಇಲ್ಲ, ಎಂತದೂ ಇಲ್ಲ. ನಮ್ಮೂರ್ ಉಣ್ಸೆಮರದ್ ಕೆಳ್ಗೆ ನಿಂತಿದ್ರು. ಬಿಳೀ ಅಮ್ಮಾವ್ರೊಬ್ರು, ಕೆಂಪ್ ಮೂತಿ ದೊರೆ ಒಬ್ಬ, ನಿಮ್ಮಣ್ಣ. ದುರ್ಬೀನಾಗೆ ಕೊಕ್ರೆ ನೋಡ್ತಿದ್ರು. ನಿನ್ ಟ್ರಂಕಿನ ಮ್ಯಾಲಿರೋ ಪೋಟೋ ದಿನಾ ನೋಡ್ತೀನಿ, ನಂಗ್ ಗೊತ್ತಾಗಾಕಿಲ್ವಾ? ನೀವು ನಮ್ಮ ಚೂಡವ್ವನ ಅಣ್ಣಾರಲ್ವಾ ಅಂತ ಕೇಳ್ದೆ. ಇಲ್ಲಮ್ಮ, ಇನ್ಯಾರೋ ಇರ್ಬೇಕು ಅಂದ್ರು. ಇಲ್ಲ ಅನ್ನಾದನ್ನೂ ಮಳವಳ್ಳಿ ಮಾತ್ನಾಗೇ ಅಂದ್ರು ಕಣವ್ವ."

ನಾನು ಏನು ಕೇಳಿದೆ ಗೊತ್ತಾ? ಅಮ್ಮಾವ್ರ ಕೂದಲು ಉದ್ದ ಇತ್ತಾ, ದಪ್ಪ ಇದ್ದರಾ, ನಗ್ತಿದ್ದರಾ ಅಂತ. ಆರು ವರ್ಷದವಳಿದ್ದಾಗ ನೋಡಿದ ಮಮ್ಮಿಯ ಮುಖ, ಬೇರೆ ಏನು ಕೇಳಲಿ? ಕೂದಲು ಕತ್ತರಿಸಿದ್ದಾರಂತೆ. ಬಿಸಿಲಿಗೆ ಮೂಗು ಕೆಂಪಾಗಿತ್ತಂತೆ, ನನಗೂ ಹಾಗೇ ಆಗುತ್ತೆ.

ಮಂಡ್ಯದಿಂದ ಮದ್ದೂರಿಗೆ ಬಸ್ಸು, ಮದ್ದೂರಿಂದ ಬೆಳ್ಳೂರಿಗೆ ಇನ್ನೊಂದು ಬಸ್ಸು. ಅಷ್ಟೇ ದೂರದಲ್ಲಿದ್ದೆ ನೀನು, ನಾನಿಲ್ಲಿ ನಿನ್ನ ಜೊತೆ ಕೇಳ್ತಿದ್ದೀನಿ ಅಂದುಕೊಂಡು ಉಸಿರು ಬಿಗಿಹಿಡಿದು ಕೂತಿದ್ದೆ. ನಾಯಿಗೆ ಮೂಳೆ ಎಸೆದು ಬಾಗಿಲು ಹಾಕಿಕೊಂಡು ಹೋಗ್ತಾರಲ್ಲ, ಹಾಗೆ ಹೋದೆ ನೀನು. ಮೂಳೆ ಮಾತ್ರ ಒಳ್ಳೇ ಟೇಸ್ಟಿನದ್ದು.

ಈಗ ಹಳೆಯದೆಲ್ಲ ತಿರುವಿ ನೋಡ್ತೀನಿ. ಮಮ್ಮಿ ನನ್ನನ್ನ ಯಾವಾಗ ಕರೆಸಿಕೊಳ್ತಾರೆ ಅಂತ ಕೇಳಿದಾಗೆಲ್ಲ ಒಂದು ರೆಕಾರ್ಡು ಬಂತು. ಒಂದಾದರೂ ಉತ್ತರ ಬಂತಾ? ಹೊಸ ಮನೆಯ ಅಡ್ರೆಸ್ ಯಾರಿಗೂ ಕೊಡಬೇಡ ಅಂತ ಮಮ್ಮಿ ಹೇಳಿದ್ದಾರೆ ಅಂದೆ ನೀನು. ಅದಕ್ಕೇ ನಾನು ಮಮ್ಮಿಗೆ ಬರೆದದ್ದನ್ನೆಲ್ಲ ನಿನ್ನ ಕವರಿನಲ್ಲೇ ಇಟ್ಟೆ. ಓದಿ ಹೇಳ್ತೀನಿ, ಅತ್ತರು, ಖುಷಿಪಟ್ಟರು ಅಂತೆಲ್ಲ ಬರೆದೆಯಲ್ಲ, ಕೂತು ಯೋಚಿಸಿ ಬರೀತಿದ್ದೆಯಾ, ಇಲ್ಲ ಅದೂ ಅಭ್ಯಾಸವಾಗಿಹೋಗಿತ್ತಾ?

ರೆಕಾರ್ಡುಗಳನ್ನ ಸೋಮಮ್ಮನಿಗೆ ಕೊಟ್ಟುಬಿಟ್ಟೆ. ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಚೊಂಬಿನ ಮೇಲೆ ಬೋರಲು ಹಾಕಿದರೆ ಅಂಚು ಮಡಚಿಕೊಂಡು ಚೆಂದದ ಬಟ್ಟಲಾಗುತ್ತೆ, ಇಲ್ಲಿ ಸುಮಾರು ಮನೆಗಳಲ್ಲಿ ಮಾಡ್ತಾರೆ. ಪಂಕಜಮ್ಮನವರು ಜಾಜ್ ಒಂದನ್ನಾದರೂ ಉಳಿಸೇ ಅಂತ ಕೈ ಹಿಡಿದುಕೊಂಡರು. ಅದನ್ನೇ ಮೊದಲು ನೀರಿಗೆ ಹಾಕಿದೆ. ಅವರ ಮುಖ ನೋಡಿ ನನಗೆ ಏನೂ ಅನ್ನಿಸಲಿಲ್ಲ ಪಾರ್ಥಣ್ಣ, ಆಗ ನಾನೂ ನಿನ್ನ ತಂಗಿಯೇ ಅಂತ ಖಾತ್ರಿಯಾಯ್ತು.

ಅಲ್ಲಿ ಚಳಿ ಇನ್ನೂ ಇರಬಹುದು, ಕಿವಿಗೆ ಮಫ್ಲರ್ ಸುತ್ತಿಕೋ. ನಿನಗೂ ಮಮ್ಮಿಗೂ, ಆ ಕೆಂಪು ಮುಖದವರಿಗೂ ದೇವರು ಆಯಸ್ಸು ಕೊಡಲಿ.

ಇಂತಿ,
ಚೂಡಾಮಣಿ

ತಾ.ಕ.: ಇದನ್ನ ಬರೆಯಬಾರದು ಅಂತಿದ್ದೆ. ನೀನು ಕಾರಿನ ಹತ್ತಿರ ಹೋಗಿದ್ದಾಗ ದೇವಿರಮ್ಮ ಮಮ್ಮಿಗೆ ನೀರು ಕೊಟ್ಟು, "ಮಕ್ಳೆಷ್ಟು ಜನವ್ವ?" ಅಂತ ಅಲ್ಲಿ ಆಡ್ತಿದ್ದ ಮಕ್ಕಳನ್ನ ತೋರಿಸಿ ಕೈಸನ್ನೆಯಲ್ಲಿ ಕೇಳಿದಳಂತೆ. ಮಮ್ಮಿ ಎರಡು ಬೆರಳು ಎತ್ತಿದರಂತೆ. ನಿನ್ನ ಕಡೆ ಕೈ ಮಾಡಿ ಒಂದನ್ನ ಮಡಚಿದರಂತೆ. ಇನ್ನೊಂದನ್ನ ಹಾಗೇ ಆಕಾಶಕ್ಕೆ ತೋರಿಸಿ ಕಣ್ಣು ಒರೆಸಿಕೊಂಡರಂತೆ. ಹಾರೋ ಕೊಕ್ಕರೆ ತೋರಿಸ್ತಾವ್ರೆ ಅಂದುಕೊಂಡು ದೇವಿರಮ್ಮನೂ ಮೇಲೆ ನೋಡಿದಳಂತೆ. ಪಾರ್ಥಣ್ಣ, ನಾನು ಯಾವಾಗ ಸತ್ತೆ, ಏನಾಗಿ ಸತ್ತೆ ಅಂತ ಮಮ್ಮಿಗೆ ಹೇಳಿದ್ದೀಯ?